ಹಳೆಯ ಮನೆಬಂಡಿಗೆ ಹೊಸ ಕದ
(ವಿದ್ಯಾರ್ಥಿ ಶಿಬಿರವೊಂದರ ಉಪನ್ಯಾಸ)



ಅಮೆರಿಕದಲ್ಲಿ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆಬಂಡಿಗಳಿವೆ. ಅವುಗಳಿಗೆ ಟ್ರೈಲರ್ ಎಂದು ಹೆಸರು. ಕ್ಯಾಲಿಫೋರ್ನಿಯಾದಲ್ಲಿ 1941ರಲ್ಲಿ ಆರಂಭವಾದ ಶಾಸ್ತಾ ಅಂಥ ಹೆಸರಾಂತ ಬಂಡಿ. 1950ರ ದಶಕದ ಈ ಬಂಡಿಗಳಿಗೆ ಹೊರಗೆ ಅಲ್ಯೂಮಿನಿಯಂ ತಗಡು. ಒಳಗೆ ಮರದ ಚೌಕಟ್ಟು, ಬರ್ಚ್ ಮರದ ಪ್ಲೈವುಡ್ಡಿನ ಗೋಡೆ, ಕಪಾಟು. ಮೂಲೆಗುಂಪಾದ ಇಂಥ ಬಂಡಿಗಳನ್ನು ಗುಜರಿಗೆ ಹಾಕದೆ ದುರಸ್ತಿಗೊಳಿಸಿ ಬಳಸುವವರು ಅಲ್ಲಿದ್ದಾರೆ.

ಇಕ್ಕಟ್ಟಾದ ಬಂಡಿಯಲ್ಲಿ ಹೊರಕ್ಕೆ ತೆರೆಯುವ ಕದಕ್ಕೆ ಎಡೆಯಿಲ್ಲ. ದಾರಿಯ ಕುಲುಕಾಟಕ್ಕೆ ಅದು ತಾನಾಗಿ ತೆರೆದುಕೊಳ್ಳುವುದೂ ಉಂಟು. ಆದ್ದರಿಂದ ಕಪಾಟಿಗೆ ಜಾರುಬಾಗಿಲು. ಆದರೆ ಕದ ಮಾಡುವ ಮೊದಲು ಬಲ್ಲವರು ನೋಡುವುದು ಮಾಡನ್ನು. ತಗಡಿನ ಜೋಡಣೆಯಲ್ಲಿ ಇಳಿದ ನೀರು ಒಳಗಿನ ಮರವನ್ನು ಕಾಣದಂತೆ ಕೊಳೆಸಿರುತ್ತದೆ. ಸೋರಿಕೆಯನ್ನು ನಿಲ್ಲಿಸದೆ ಹಾಕಿದ ಹೊಸ ಮರ ಮತ್ತೊಂದು ಮರದ ನಷ್ಟವಷ್ಟೆ.

ಹಳೆಯ ಬಂಡಿ ವಾಲಿರುವುದರಿಂದ ಪ್ರತಿ ಕಪಾಟನ್ನೂ ಬೇರೆಯಾಗಿಯೇ ಅಳೆಯಬೇಕು. ಬಾಯಿಯ ಅಗಲ 800 ಮಿ.ಮೀ. ಇದ್ದು, ಎರಡು ಕದಗಳು 20 ಮಿ.ಮೀ. ಒಂದರ ಮೇಲೊಂದು ಬರಬೇಕಾದರೆ, ತಲಾ ಅಗಲ 410. ಮೇಲಿನ ಗಾಡಿ ಆಳವಾಗಿಯೂ ಕೆಳಗಿನದು ತೆಳುವಾಗಿಯೂ ಇರಬೇಕೆಂಬುದೇ ಇದರ ಮರ್ಮ. ಮೇಲೆ 12, ಕೆಳಗೆ 5 ಮಿ.ಮೀ. ಆಳವಿದ್ದು, ನಡುವಣ ಎತ್ತರ 300 ಇದ್ದರೆ ಕದದ ಎತ್ತರ 310. ಕದವನ್ನು ಪೂರ್ತಿ ಮೇಲೆತ್ತಿದಾಗ ಕೆಳಅಂಚು 2 ಮಿ.ಮೀ. ಅಂತರದಲ್ಲಿ ಪಟ್ಟಿಯನ್ನು ದಾಟುತ್ತದೆ. ಇಳಿಬಿಟ್ಟರೆ ಮೇಲೂ ಕೆಳಗೂ 5 ಮಿ.ಮೀ. ಹಿಡಿತ ಉಳಿಯುತ್ತದೆ. ಮೊಳೆಯಿಲ್ಲ, ತಿರುಗಣೆಯಿಲ್ಲ, ಕೆಟ್ಟರೆ ಕೈಯಿಂದಲೇ ಕಳಚಬಹುದು.

ಮಳೆಗಾಲದಲ್ಲಿ ಮನೆಯ ಬಾಗಿಲು ಬಿಗಿಯುವುದನ್ನು ಮಲೆನಾಡಿನವರು ಬಲ್ಲರು. ಮರ ತೇವ ಕುಡಿದು ಅಡ್ಡಕ್ಕೆ ಹಿಗ್ಗುತ್ತದೆ. ಪದರಗಳನ್ನು ಒಂದಕ್ಕೊಂದು ಅಡ್ಡವಾಗಿ ಅಂಟಿಸಿದ ಪ್ಲೈವುಡ್ ಅಷ್ಟು ಹಿಗ್ಗದು. ಆದರೂ 6 ಮಿ.ಮೀ. ದಪ್ಪದ ಕದಕ್ಕೆ 7 ಮಿ.ಮೀ. ಅಗಲದ ಗಾಡಿ ಬೇಕು. ಗಾಡಿಗೆ ಜೇನುಮೇಣ ಸವರಿದರೆ ಕದ ಸರಾಗವಾಗಿ ಜಾರುತ್ತದೆ.

ಈ ಬಂಡಿಗಳ ಹೊಂಬಣ್ಣದ ಹೊಳಪಿಗೆ ಬಳಸುವ ಶೆಲ್ಲಾಕ್ ನಮ್ಮ ದೇಶದ ಅರಗಿನಿಂದಲೂ ತಯಾರಾಗುತ್ತದೆ. ಮುತ್ತುಗ, ಬೋರೆಯಂಥ ಮರಗಳ ಕೊಂಬೆಯಲ್ಲಿ ಅರಗಿನ ಹುಳು ಅದನ್ನು ಸ್ರವಿಸುತ್ತದೆ. ಅರಗಿಗಾಗಿ ಮರ ಕಡಿಯಬೇಕಿಲ್ಲ. ಮರ ಬದುಕಿದ್ದರೆ ಮಾತ್ರ ಬೆಳೆ. ಹೊಸ ಲೇಪ ಹಳೆಯದರಲ್ಲಿ ಕರಗಿ ಬೆರೆಯುವುದರಿಂದ, ಗೀರು ಬಿದ್ದರೂ ಎಲ್ಲವನ್ನೂ ಕೆರೆಯಬೇಕಾಗಿಲ್ಲ. ನೀರು, ಬಿಸಿ ತಾಗುವೆಡೆ ಮಾತ್ರ ಅದು ಸಲ್ಲದು.

ಮಿತ್ರರೇ, ಕಾಡನ್ನು ಉಳಿಸುವ ಕೆಲಸ ಕಾಡಿನಲ್ಲಷ್ಟೇ ನಡೆಯುವುದಿಲ್ಲ. ಒಮ್ಮೆ ಕಡಿದ ಮರವನ್ನು ಎಷ್ಟು ಕಾಲ ಬಾಳಿಸಿದೆವೆಂಬುದೂ ಅದರ ಲೆಕ್ಕಕ್ಕೆ ಸೇರುತ್ತದೆ. ಮನೆಯ ಹಳೆಯ ಕಪಾಟನ್ನು ಎಸೆಯುವ ಮುನ್ನ ಒಮ್ಮೆ ಅಳತೆಪಟ್ಟಿ ಹಿಡಿದು ನೋಡಿರಿ. ಕೆಟ್ಟಿರುವುದು ಒಂದು ಕದವಷ್ಟೇ ಆಗಿರಬಹುದು.