ಎಂಜಿನ್ನಿನ ಉಸಿರು, ಎಣ್ಣೆಯ ಡಬ್ಬಿ

(ಸಾಕ್ಷರತಾ ಕೇಂದ್ರದಲ್ಲಿ ಮಹಿಳಾ ಸಂಘದವರ ಮುಂದೆ ಆಡಿದ ಮಾತು)



ನಿಮ್ಮ ಸಂಘದವರು ಸಾಲ ಮಾಡಿ ಒಂದು ಹಳೆಯ ಓಮ್ನಿ ವ್ಯಾನ್ ಕೊಂಡಿದ್ದೀರಿ. ತರಕಾರಿ, ರೊಟ್ಟಿ, ಹಪ್ಪಳ ಎಲ್ಲಾ ಅದರಲ್ಲೇ ಸಂತೆಗೆ ಹೋಗುತ್ತದೆ. ವ್ಯಾನ್ ನಿಂತರೆ ಸಾಲದ ಕಂತು ಕಟ್ಟೋದು ಹೇಗೆ? ಈಗ ಅದರ ಏರ್ ಫಿಲ್ಟರ್ ತುಂಬಾ ಎಣ್ಣೆ. ಒಬ್ಬ ಮೆಕ್ಯಾನಿಕ್ "ಎಂಜಿನ್ ಬಿಚ್ಚಬೇಕು" ಅಂದನಂತೆ. ಇನ್ನೊಬ್ಬ "ಒಂದು ಡಬ್ಬಿ ಕಟ್ಟಿದರೆ ಸಾಕು" ಅಂದನಂತೆ. ಯಾರ ಮಾತು ಕೇಳೋದು? ಅದಕ್ಕೇ ನನ್ನನ್ನು ಕರೆದಿದ್ದೀರಿ. ನಾನೂ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡವಳೇ. ಹೇಳುತ್ತೇನೆ, ಕೇಳಿ.

ಮೊದಲು ಈ ಎಣ್ಣೆ ಎಲ್ಲಿಂದ ಬರುತ್ತದೆ ನೋಡೋಣ.

ಎಂಜಿನ್ನಿನ ಒಳಗೆ ಪಿಸ್ಟನ್ ಇದೆ. ಸೈಕಲ್ ಪಂಪಿನ ಒಳಗಿನ ವಾಷರ್ ಹಾಗೆ ಅದು ಮೇಲೆ ಕೆಳಗೆ ಓಡಾಡುತ್ತದೆ. ಅದರ ಮೇಲುಗಡೆ ಪೆಟ್ರೋಲು ಉರಿಯುತ್ತದೆ. ಉರಿದ ಹೊಗೆ ಕೆಳಗೆ ಇಳಿಯಬಾರದು. ಅದಕ್ಕೆ ಪಿಸ್ಟನ್ನಿಗೆ ಉಂಗುರ ತೊಡಿಸಿರುತ್ತಾರೆ. ಗ್ಯಾರೇಜಿನಲ್ಲಿ ರಿಂಗು ಅಂತಾರೆ. ಎಷ್ಟೇ ಬಿಗಿ ಇದ್ದರೂ ಸ್ವಲ್ಪ ಹೊಗೆ ಸಂದಿಯಲ್ಲಿ ನುಸುಳುತ್ತದೆ. ಹೊಸ ಎಂಜಿನ್ನಿನಲ್ಲೂ ನುಸುಳುತ್ತದೆ. ರಿಂಗು ಸವೆದರೆ ಜಾಸ್ತಿ ನುಸುಳುತ್ತದೆ.

ಕೆಳಗಡೆ ಏನಿದೆ? ಬಿಸಿ ಬಿಸಿ ಎಂಜಿನ್ ಆಯಿಲ್. ಅದು ಅಲ್ಲಿ ಎರಚಾಡುತ್ತಾ ಇರುತ್ತದೆ. ನಾವು ಒಗ್ಗರಣೆ ಹಾಕಿದಾಗ ಎಣ್ಣೆ ಹಬೆ ಏಳುತ್ತದೆ ಅಲ್ವಾ? ಒಲೆ ಹಿಂದಿನ ಗೋಡೆ ಜಿಡ್ಡು ಹಿಡಿಯುತ್ತದೆ ಅಲ್ವಾ? ಇಲ್ಲೂ ಹಾಗೇ. ಹೊಗೆ, ಎಣ್ಣೆಯ ಹಬೆ, ನೀರಾವಿ, ಪೆಟ್ರೋಲಿನ ಆವಿ ಎಲ್ಲಾ ಸೇರಿ ಹೊರಗೆ ಬರಲು ಒತ್ತುತ್ತವೆ. ಅದಕ್ಕೆ ಒಂದು ಪೈಪು ಇಟ್ಟಿದ್ದಾರೆ. ಅದರ ಹೆಸರು ಬ್ರೀದರ್ ಪೈಪು. ಎಂಜಿನ್ ಉಸಿರು ಬಿಡುವ ಪೈಪು ಅನ್ನಿ.

ಹಿಂದೆ ಕಾರುಗಳು ಈ ಉಸಿರನ್ನು ರಸ್ತೆಗೇ ಬಿಡುತ್ತಿದ್ದವು. ಅದರಿಂದ ಗಾಳಿ ಕೆಡುತ್ತಿತ್ತು. 1960ರ ದಶಕದ ಆರಂಭದಲ್ಲಿ ಅಮೆರಿಕದ ಕಾರುಗಳಿಗೆ ಬೇರೆ ಏರ್ಪಾಡು ಬಂತು. ಹೊಗೆಯನ್ನು ತಿರುಗಿ ಎಂಜಿನ್ನಿಗೇ ಕೊಟ್ಟು ಸುಡುವುದು. ಈಗ ನಮ್ಮ ಕಾರುಗಳಲ್ಲೂ ಹಾಗೇ ಇದೆ. ಒಳ್ಳೆಯ ಏರ್ಪಾಡು. ಆದರೆ ಹೊಗೆಯ ಜೊತೆ ಎಣ್ಣೆಯೂ ಹೋಗುತ್ತದೆ. ಹಳೆಯ ಗಾಡಿಯಲ್ಲಿ ಜಾಸ್ತಿ ಹೋಗುತ್ತದೆ. ಫಿಲ್ಟರಿನ ಕಾಗದ ಎಣ್ಣೆ ಕುಡಿದು ಕೂರುತ್ತದೆ. ಎಂಜಿನ್ನಿಗೆ ಗಾಳಿ ಸಾಲುವುದಿಲ್ಲ.

ಈ ಪೈಪಿನ ನಡುವೆ ಒಂದು ಡಬ್ಬಿ ಇಟ್ಟರೆ? ಎಣ್ಣೆ ಡಬ್ಬಿಯಲ್ಲಿ ಉಳಿಯುತ್ತದೆ. ಹೊಗೆ ಮಾತ್ರ ಮುಂದೆ ಹೋಗುತ್ತದೆ. ಅಷ್ಟೇ ಇದರ ಗುಟ್ಟು. ಅಂಗಡಿಯಲ್ಲೂ ಸಿಗುತ್ತದೆ. ನಾವೂ ಮಾಡಿಕೊಳ್ಳಬಹುದು.

ಅರ್ಧ ಲೀಟರು ಹಿಡಿಯುವ ಗಟ್ಟಿ ಸ್ಟೀಲ್ ಡಬ್ಬಿ ತನ್ನಿ. ಮುಚ್ಚಳ ತಿರುಗಿಸಿ ಹಾಕುವಂಥದ್ದು ಇರಲಿ. ಪ್ಲಾಸ್ಟಿಕ್ ಬಾಟಲಿ ಬೇಡವೇ ಬೇಡ, ಶಾಖಕ್ಕೆ ಮೆತ್ತಗಾಗುತ್ತದೆ. ಮುಚ್ಚಳಕ್ಕೆ ಎರಡು ತೂತು ಹೊಡೆಸಿ, ಎರಡು ತುಂಡು ಪೈಪು ಬೆಸೆಸಿ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಕೊಡುತ್ತಾರೆ. ಅಂಟು ಮೆತ್ತಿದರೆ ನಿಲ್ಲುವುದಿಲ್ಲ. ಹೊಗೆ ಒಳಗೆ ಬರುವ ಪೈಪು ಡಬ್ಬಿಯ ಅರ್ಧದವರೆಗೆ ಇಳಿದಿರಲಿ. ಹೊರಗೆ ಹೋಗುವ ಪೈಪು ಮೇಲೇ ಇರಲಿ. ಡಬ್ಬಿಯ ಮೇಲಿನ ಅರ್ಧಕ್ಕೆ ಪಾತ್ರೆ ತಿಕ್ಕುವ ಸ್ಟೀಲ್ ನಾರು ತುರುಕಿ. ಹೊಗೆ ಅದರೊಳಗೆ ಸುತ್ತಿ ಸುಳಿದು ಹೋಗುವಾಗ ಎಣ್ಣೆ ನಾರಿಗೆ ಅಂಟಿ ಹನಿ ಹನಿಯಾಗಿ ಕೆಳಗೆ ಬೀಳುತ್ತದೆ. ನಮ್ಮ ಅನ್ನದ ಪಾತ್ರೆಯ ತಟ್ಟೆಗೆ ನೀರು ಕಟ್ಟುವ ಹಾಗೆ.

ನಾರು ಸುರುಳಿ ಸುರುಳಿಯಾದ ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕು. ತುಕ್ಕು ಹಿಡಿದು ಪುಡಿ ಉದುರುವ ನಾರು ಬೇಡ. ಆ ಪುಡಿ ಎಂಜಿನ್ನಿಗೆ ಹೋದರೆ ನೀವೇ ಮರಳು ಹಾಕಿದ ಹಾಗೆ. ಹೊರಗೆ ಹೋಗುವ ಪೈಪಿನ ಬಾಯಿಗೆ ಚಹಾ ಸೋಸುವ ಜಾಲರಿಯ ಒಂದು ತುಂಡು ಬಿಗಿಸಿ.

ಕೊಳವೆ ಎಣ್ಣೆ ತಾಳುವ ರಬ್ಬರಿನದು ಇರಲಿ. ಹಳೆಯ ಪೈಪಿನಷ್ಟೇ ದಪ್ಪ ಇರಲಿ. ನೀರಿನ ಪೈಪು ಎಣ್ಣೆಗೆ ಉಬ್ಬುತ್ತದೆ. ಕ್ಲಿಪ್ಪು ಹಾಕಿ ಬಿಗಿಮಾಡಿ. ಎಲ್ಲೂ ಮಡಚಬಾರದು. ಬಿಸಿ ಸೈಲೆನ್ಸರ್ ಪೈಪಿಗೆ, ಫ್ಯಾನಿಗೆ, ಬೆಲ್ಟಿಗೆ ತಾಗಬಾರದು. ಕೆಲವು ಎಂಜಿನ್ನಿಗೆ ಈ ದಾರಿಯಲ್ಲಿ ಪಿಸಿವಿ ವಾಲ್ವು ಅಂತ ಇರುತ್ತದೆ. ಅದನ್ನು ಕಿತ್ತು ಎಸೆಯಬೇಡಿ.

ಈಗ ಎರಡು ಮಾತು ಗಟ್ಟಿಯಾಗಿ ಹೇಳುತ್ತೇನೆ. ಎಣ್ಣೆ ಬರುತ್ತದೆ ಅಂತ ಕೆಲವರು ಈ ಪೈಪಿಗೆ ಬೂಚು ಹಾಕುತ್ತಾರೆ. ಎಂದೂ ಹಾಕಬೇಡಿ. ಒಳಗೆ ಒತ್ತಡ ಏರಿ ಸೀಲು ಒಡೆದು ಎಣ್ಣೆ ಸೋರುತ್ತದೆ. ಇನ್ನು ಕೆಲವರು ಡಬ್ಬಿಯಿಂದ ಹೊಗೆಯನ್ನು ಹೊರಗೇ ಬಿಡುತ್ತಾರೆ. ಅದೂ ಬೇಡ. ನಿಮ್ಮ ಓಮ್ನಿಯ ಎಂಜಿನ್ ಎಲ್ಲಿದೆ? ಮುಂದಿನ ಸೀಟಿನ ಕೆಳಗೆ! ಹೊಗೆ ಗಾಡಿಯೊಳಗೇ ಬರುತ್ತದೆ. ಮಡಿಲಲ್ಲಿ ಮಗು ಇಟ್ಟುಕೊಂಡು ಕೂತಿರುತ್ತೀರಿ. ಡಬ್ಬಿಯಿಂದ ಹೊರಟ ಪೈಪು ಮೊದಲಿನ ಹಾಗೆ ಏರ್ ಫಿಲ್ಟರಿಗೇ ಸೇರಬೇಕು.

ಹಾಗಾದರೆ ಡಬ್ಬಿ ಕಟ್ಟಿದರೆ ಎಂಜಿನ್ ಸರಿಹೋಯಿತಾ? ಇಲ್ಲ. ಸೋರುವ ಸೂರಿನ ಕೆಳಗೆ ಪಾತ್ರೆ ಇಟ್ಟ ಹಾಗೆ ಇದು. ಆದರೆ ಎಷ್ಟು ಸೋರುತ್ತಿದೆ ಅಂತ ಪಾತ್ರೆ ಹೇಳುತ್ತದೆ. ಇಲ್ಲೇ ನಿಮ್ಮ ಓದು ಬರಹ ಕೆಲಸಕ್ಕೆ ಬರುವುದು. ಒಂದು ನೋಟ್ ಪುಸ್ತಕ ಇಡಿ. ಪ್ರತಿ 500 ಕಿಲೋಮೀಟರಿಗೆ, ಎಂಜಿನ್ ತಣ್ಣಗಾದ ಮೇಲೆ, ಡಬ್ಬಿ ಬಿಚ್ಚಿ ಅಳೆಯಿರಿ. ತಾರೀಕು, ಕಿಲೋಮೀಟರು, ಎಷ್ಟು ಚಮಚ, ಯಾವ ಬಣ್ಣ, ಎಲ್ಲಾ ಬರೆಯಿರಿ. ತಿಂಗಳು ತಿಂಗಳೂ ಅಷ್ಟೇ ಇದ್ದರೆ ಹೆದರಬೇಡಿ. ಬೇಗ ಬೇಗ ಏರುತ್ತಾ ಹೋದರೆ ಎಂಜಿನ್ ತೋರಿಸಿ.

ಎಂಜಿನ್ ಬಿಚ್ಚಲು ಒಪ್ಪುವ ಮುಂಚೆ ಆಯಿಲ್ ಕಡ್ಡಿ ನೋಡಿ. ಗುರುತಿಗಿಂತ ಜಾಸ್ತಿ ಆಯಿಲ್ ಸುರಿದಿದ್ದರೂ ಹೀಗೇ ಆಗುತ್ತದೆ. ಆಮೇಲೆ ಕಂಪ್ರೆಷನ್ ಟೆಸ್ಟ್ ಮಾಡಿ ಅನ್ನಿ. ಪ್ಲಗ್ ಬಿಚ್ಚಿ ಆ ಜಾಗಕ್ಕೆ ಮೀಟರು ಹಾಕುತ್ತಾರೆ. ಒಂದೊಂದು ಸಿಲಿಂಡರಿನ ಅಂಕಿಯನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಅಂಕಿ ಓದಲು ಬಂದವರ ಮುಂದೆ ಯಾರೂ ಬಾಯಿಗೆ ಬಂದದ್ದು ಹೇಳಲಾರರು.

ಡಬ್ಬಿಯಲ್ಲಿ ಮಜ್ಜಿಗೆ ಬಣ್ಣದ ಅಂಟು ಕಾಣಬಹುದು. ಚಳಿಯಲ್ಲಿ ಹತ್ತಿರ ಹತ್ತಿರ ಓಡಾಡಿದರೆ ನೀರಾವಿ ಎಣ್ಣೆಗೆ ಬೆರೆತು ಹಾಗಾಗುತ್ತದೆ. ಆಯಿಲ್ ಕಡ್ಡಿಯಲ್ಲೂ ಅದೇ ಬಣ್ಣ ಇದ್ದು, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಗಾಡಿ ಓಡಿಸಬೇಡಿ. ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ.

ಹೊಸ ಕಾರು ಇರುವವರು ಇದನ್ನು ಮಾಡಬೇಡಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳ ಹೊಗೆ ಏರ್ಪಾಡಿಗೆ ಕೈ ಹಾಕಿದರೆ ವಾರಂಟಿಗೂ ತೊಂದರೆ.

ಡಬ್ಬಿಯ ಎಣ್ಣೆಯನ್ನು ತಿರುಗಿ ಎಂಜಿನ್ನಿಗೆ ಸುರಿಯಬೇಡಿ. ಅದರಲ್ಲಿ ನೀರು, ಪೆಟ್ರೋಲು, ಮಸಿ ಇರುತ್ತದೆ. ಚರಂಡಿಗೆ, ಬಾವಿಯ ಹತ್ತಿರ ಚೆಲ್ಲಬೇಡಿ. ಸರ್ಕಾರದ 2016ರ ನಿಯಮದಲ್ಲಿ ಬಳಸಿದ ಆಯಿಲ್ ಅಪಾಯಕಾರಿ ಕಸದ ಪಟ್ಟಿಯಲ್ಲಿದೆ. ಹಳೆಯ ಆಯಿಲ್ ಕ್ಯಾನಿನಲ್ಲಿ ಕೂಡಿಸಿಟ್ಟು, ಬಳಸಿದ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಕ್ಯಾನಿನ ಮೇಲೆ ದಪ್ಪ ಅಕ್ಷರದಲ್ಲಿ "ಕೊಳೆ ಆಯಿಲ್" ಅಂತ ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಗಾಯಕ್ಕೆ ಹಚ್ಚೋದು, ದನದ ಮೈಗೆ ಸವರೋದು ಬೇಡ. ಕೈಗೆ ತಾಗಿದರೆ ಸೋಪು ಹಚ್ಚಿ ತೊಳೆಯಿರಿ. ಒರೆಸಿದ ಬಟ್ಟೆಯನ್ನು ಒಲೆಗೆ ಹಾಕಬೇಡಿ.