ಫ್ರಿಜ್ಜಿನಲ್ಲಿ ಐಸಿನ ಗುಡ್ಡ
(ಕುಣಿಗಲ್ ತಾಲ್ಲೂಕಿನ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಇವತ್ತು ನಾವು ಒಂದು ಯಂತ್ರದ ವಿಷಯ ಮಾತಾಡೋಣ. ಆ ಯಂತ್ರ ಫ್ರಿಜ್ಜು.

ಒಂದು ಕಾಲಕ್ಕೆ ಫ್ರಿಜ್ಜು ಪೇಟೆಯವರ ಮನೆಯ ವಸ್ತು. ಈಗ ಹಾಗಿಲ್ಲ. ಹುಲಿಯೂರುದುರ್ಗ, ಅಮೃತೂರು, ಎಡೆಯೂರು ಕಡೆಯ ಹಳ್ಳಿಗಳಲ್ಲೂ ಇದೆ. ಮನೆಯಲ್ಲಿ ಹಾಲು, ಮೊಸರು, ಸೊಪ್ಪು, ದೋಸೆ ಹಿಟ್ಟು ಇಡುತ್ತೇವೆ. ಹೆದ್ದಾರಿ ಬದಿಯ ಅಂಗಡಿಗಳಲ್ಲಿ ಐಸ್‌ಕ್ರೀಮ್ ಇಡುವ ದೊಡ್ಡ ಪೆಟ್ಟಿಗೆಗಳಿವೆ. ಸಾಲ ಮಾಡಿ, ಕಂತು ಕಟ್ಟಿ ತಂದವರೇ ಹೆಚ್ಚು.

ಈ ಯಂತ್ರದ ಬಗ್ಗೆ ನಾವು ಮತ್ತೆ ಮತ್ತೆ ಕೇಳುವ ಮಾತು ಒಂದಿದೆ. "ಮೇಷ್ಟ್ರೇ, ಮೇಲ್ಗಡೆ ಐಸು ಗುಡ್ಡದಂಗೆ ಕಟ್ಕೊಂಡೈತೆ. ಬಾಗ್ಲು ಮುಚ್ಚಕ್ಕಾಗಲ್ಲ. ಗುಂಡಿ ಒತ್ತಿದ್ರೂ ಕರಗಲ್ಲ. ಏನ್ಮಾಡೋದು?"

ಕೆಲವರು ಚಾಕು ತಗೊಂಡು ಕುಟ್ಟುತ್ತಾರೆ. ಕೆಲವರು ರಿಪೇರಿಯವರನ್ನು ಕರೆಸುತ್ತಾರೆ. ಅವರು "ಗ್ಯಾಸ್ ಹೋಗಿದೆ" ಅಂದರೆ ಸುಮ್ಮನೆ ದುಡ್ಡು ಕೊಡುತ್ತಾರೆ. ಎರಡಕ್ಕೂ ಮೊದಲು ಮಾಡಬೇಕಾದ ಕೆಲಸ ಬೇರೆ ಇದೆ. ಐಸು ಯಾಕೆ ಕಟ್ಟಿತು ಎಂದು ಹುಡುಕಬೇಕು. ಅದನ್ನು ನಾವೇ ಹುಡುಕಬಹುದು.

ಐಸು ಎಲ್ಲಿಂದ ಬರುತ್ತದೆ?

ನಾವು ಯಾರೂ ಗೋಡೆಗೆ ನೀರು ಹಾಕಿಲ್ಲ. ಆದರೂ ಐಸು ಕಟ್ಟಿದೆ. ಹೇಗೆ?

ತಣ್ಣೀರು ತುಂಬಿದ ಚೊಂಬನ್ನು ನೋಡಿದ್ದೀರಿ. ಸ್ವಲ್ಪ ಹೊತ್ತಿಗೆ ಅದರ ಹೊರಗಡೆ ಬೆವರಿದಂತೆ ಹನಿ ಕೂರುತ್ತದೆ. ಆ ನೀರು ಚೊಂಬಿನ ಒಳಗಿಂದ ಬಂದದ್ದಲ್ಲ, ಗಾಳಿಯಿಂದ ಬಂದದ್ದು. ಮಾಗಿ ಚಳಿಯಲ್ಲಿ ರಾಗಿ ತೆನೆಯ ಮೇಲೆ ಇಬ್ಬನಿ ಕೂರುವುದೂ ಹೀಗೆಯೇ. ಗಾಳಿಯಲ್ಲಿ ನಮ್ಮ ಕಣ್ಣಿಗೆ ಕಾಣದ ನೀರಿನ ಆವಿ ಇರುತ್ತದೆ. ತಣ್ಣನೆಯ ವಸ್ತು ಸಿಕ್ಕಿದರೆ ಅದು ನೀರಾಗುತ್ತದೆ.

ಫ್ರಿಜ್ಜಿನ ಬಾಗಿಲು ತೆಗೆದಾಗಲೆಲ್ಲ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಅದರ ಜೊತೆ ಆವಿಯೂ ಹೋಗುತ್ತದೆ. ಐಸಿನ ಅರೆಯ ಗೋಡೆ ಸೊನ್ನೆ ಡಿಗ್ರಿಗಿಂತ ತಣ್ಣಗಿರುತ್ತದೆ. ಅಲ್ಲಿ ಆವಿ ಹೆಪ್ಪುಗಟ್ಟಿ ಐಸಾಗುತ್ತದೆ. ದಿನಾ ಒಂದೊಂದು ಪದರ ಸೇರಿ ಗುಡ್ಡವಾಗುತ್ತದೆ.

ಜಾಸ್ತಿ ಐಸು ಇದ್ದರೆ ಜಾಸ್ತಿ ತಂಪು ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಐಸಿನ ಪದರ ಕಂಬಳಿ ಇದ್ದ ಹಾಗೆ. ಕಂಬಳಿ ಹೊದ್ದರೆ ಮೈ ಬಿಸಿ ಹೊರಗೆ ಹೋಗದು. ಹಾಗೆಯೇ ಐಸು ದಪ್ಪವಾದರೆ ಒಳಗಿನ ಪದಾರ್ಥದ ಬಿಸಿ ತಣ್ಣನೆಯ ತಗಡನ್ನು ತಲುಪದು. ಆಗ ಮೋಟಾರು ಬಿಡುವಿಲ್ಲದೆ ಓಡುತ್ತದೆ. ಮೀಟರು ತಿರುಗುತ್ತದೆ. ಇಷ್ಟಾದರೂ ಕೆಳಗಿಟ್ಟ ಹಾಲು ಹುಳಿಯಾಗುತ್ತದೆ.

ಕರೆಂಟಿನ ಲೆಕ್ಕ ಸಣ್ಣದಲ್ಲ. 2023ರಲ್ಲಿ ಗೃಹಜ್ಯೋತಿ ಶುರುವಾಯಿತು. ಅದರಲ್ಲಿ ಒಂದೊಂದು ಮನೆಗೂ ಅದರದೇ ಮಿತಿ ಇದೆ. ಮಿತಿ ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬರುತ್ತದೆ. ಅಂಗಡಿಯ ಮೀಟರಿಗೆ ಆ ಯೋಜನೆಯೇ ಇಲ್ಲ.

ನಮ್ಮದು ಯಾವ ಜಾತಿಯ ಫ್ರಿಜ್ಜು?

ಫ್ರಿಜ್ಜಿನಲ್ಲಿ ಎರಡು ಬಗೆ. ಒಂದರಲ್ಲಿ ಐಸನ್ನು ನಾವೇ ಕರಗಿಸಬೇಕು. ಇದಕ್ಕೆ ಡೈರೆಕ್ಟ್ ಕೂಲ್ ಅನ್ನುತ್ತಾರೆ. ಒಂದೇ ಬಾಗಿಲಿನ ಫ್ರಿಜ್ಜು ಹೆಚ್ಚಾಗಿ ಇದೇ ಬಗೆ. ಇನ್ನೊಂದು ತಾನೇ ಕರಗಿಸಿಕೊಳ್ಳುತ್ತದೆ. ಇದಕ್ಕೆ ಫ್ರಾಸ್ಟ್ ಫ್ರೀ ಅನ್ನುತ್ತಾರೆ. ಎರಡು ಬಾಗಿಲಿನವು ಹೆಚ್ಚಾಗಿ ಈ ಬಗೆ.

ಫ್ರಿಜ್ಜಿನ ಮೇಲೆ ನಕ್ಷತ್ರಗಳ ಚೀಟಿ ಅಂಟಿಸಿರುತ್ತಾರೆ. ಅದನ್ನು ಕಿತ್ತು ಬಿಸಾಡಬೇಡಿ. ಯಾವ ಬಗೆ, ವರ್ಷಕ್ಕೆ ಎಷ್ಟು ಯೂನಿಟ್ ಎಂದು ಅದರಲ್ಲಿ ಇರುತ್ತದೆ. ಅಂಕಿಗಳನ್ನು ನೀವೇ ಓದಿ. ಇಂಗ್ಲಿಷ್ ಅಕ್ಷರಗಳನ್ನು ಶಾಲೆಗೆ ಹೋಗುವ ಮಕ್ಕಳ ಕೈಲಿ ಓದಿಸಿ.

ಚಾಕು ಮುಟ್ಟಬೇಡಿ

ಇದನ್ನು ಗಟ್ಟಿಯಾಗಿ ಹೇಳುತ್ತೇವೆ. ಚಾಕು, ಸ್ಕ್ರೂಡ್ರೈವರ್, ಸೌಟಿನ ಹಿಡಿ, ಯಾವುದರಿಂದಲೂ ಐಸನ್ನು ಕುಟ್ಟಬೇಡಿ.

ಐಸಿನ ಅರೆಯ ತಗಡಿನೊಳಗೆ ಸಣ್ಣ ಸಣ್ಣ ಕೊಳವೆಗಳಿವೆ. ಅವುಗಳಲ್ಲಿ ತಂಪು ಮಾಡುವ ಗ್ಯಾಸ್ ಓಡಾಡುತ್ತದೆ. ಚಾಕುವಿನ ಮೊನೆ ತಾಗಿದರೆ ತಗಡು ತೂತಾಗುತ್ತದೆ. ಗ್ಯಾಸ್ ಹೊರಟು ಹೋಗುತ್ತದೆ. ಐದು ನಿಮಿಷದ ಅವಸರಕ್ಕೆ ಇಡೀ ಫ್ರಿಜ್ಜು ಕೆಡುತ್ತದೆ.

ಇನ್ನೂ ಒಂದು ಅಪಾಯವಿದೆ. ಹಳೆಯ ಫ್ರಿಜ್ಜುಗಳ ಗ್ಯಾಸು ಆಕಾಶದ ಓಝೋನ್ ಪದರವನ್ನು ಹಾಳು ಮಾಡುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದದ ಮೇಲೆ ದೇಶಗಳು ಅದನ್ನು ಬಿಡುತ್ತಾ ಬಂದವು. ಈಗಿನ ಹಲವು ಫ್ರಿಜ್ಜುಗಳಲ್ಲಿ ಐಸೊಬ್ಯೂಟೇನ್ ಎಂಬ ಗ್ಯಾಸ್ ಇದೆ. ಚೀಟಿಯಲ್ಲಿ ಆರ್-600ಎ ಎಂದು ಬರೆದಿರುತ್ತದೆ. ಇದರಿಂದ ಓಝೋನಿಗೆ ಕೇಡಿಲ್ಲ. ಆದರೆ ಇದು ನಮ್ಮ ಅಡುಗೆ ಗ್ಯಾಸಿನ ನೆಂಟ. ಬೆಂಕಿ ಹತ್ತುತ್ತದೆ. ಅಕಸ್ಮಾತ್ ತೂತಾಗಿ ಬುಸ್ ಎಂದು ಸದ್ದು ಬಂದರೆ ಒಲೆ ಹಚ್ಚಬೇಡಿ. ಯಾವ ಸ್ವಿಚ್ಚೂ ಮುಟ್ಟಬೇಡಿ. ಕಿಟಕಿ ಬಾಗಿಲು ತೆರೆದು ಎಲ್ಲರೂ ಹೊರಗೆ ಬನ್ನಿ.

ಕರಗಿಸುವ ಸರಿಯಾದ ದಾರಿ

ಐಸು ಒಂದು ಪೆನ್ಸಿಲ್ಲಿನಷ್ಟು ದಪ್ಪ ಆಗುವ ಮೊದಲೇ ಕರಗಿಸಬೇಕು. ಒಂದೇ ಬಾಗಿಲಿನ ಹಲವು ಫ್ರಿಜ್ಜುಗಳಲ್ಲಿ ತಂಪು ಹೆಚ್ಚು ಕಡಿಮೆ ಮಾಡುವ ತಿರುಗುಗುಂಡಿಯ ನಡುವೆ ಒಂದು ಒತ್ತುಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಮೋಟಾರು ನಿಲ್ಲುತ್ತದೆ. ಐಸು ಕರಗಿದ ಮೇಲೆ ಗುಂಡಿ ತಾನೇ ಹೊರಗೆ ಬರುತ್ತದೆ. ಮೋಟಾರು ಮತ್ತೆ ಓಡುತ್ತದೆ.

ಗುಂಡಿ ಒತ್ತಿದರೂ ಕರಗದಿದ್ದರೆ? ಒತ್ತಿದ ಮೇಲೆ ಫ್ರಿಜ್ಜಿನ ಹಿಂದೆ ಕಿವಿ ಕೊಡಿ. ಮೋಟಾರಿನ ಸದ್ದು ನಿಂತಿತೇ? ನಿಂತಿದ್ದರೆ ಗುಂಡಿ ಸರಿಯಿದೆ. ಐಸು ತೀರಾ ದಪ್ಪವಾಗಿದೆ, ಅಷ್ಟೆ. ಸದ್ದು ನಿಲ್ಲದಿದ್ದರೆ, ಅಥವಾ ಗುಂಡಿ ಒಳಗೆ ನಿಲ್ಲದೆ ಆಗಲೇ ಹೊರಗೆ ಚಿಮ್ಮಿದರೆ, ಗುಂಡಿ ಕೆಟ್ಟಿದೆ. ಅದಕ್ಕೆ ಸೇರಿದ ಭಾಗದ ಹೆಸರು ಥರ್ಮೋಸ್ಟಾಟ್. ಅದನ್ನು ಬದಲಾಯಿಸಬೇಕು.

ಗುಂಡಿ ಕೆಟ್ಟರೂ ಕೆಲಸ ನಿಲ್ಲುವುದಿಲ್ಲ. ಹೀಗೆ ಮಾಡಿ.

ಮೊದಲು ಸ್ವಿಚ್ ಆರಿಸಿ. ಒಣಗಿದ ಕೈಯಲ್ಲಿ ಪ್ಲಗ್ ಕೀಳಿ. ಒಳಗಿನ ಪದಾರ್ಥ ತೆಗೆದು ಒಂದು ದೊಡ್ಡ ಪಾತ್ರೆಯಲ್ಲಿಡಿ. ಪಾತ್ರೆಗೆ ಕಾಗದ ಸುತ್ತಿ, ಮೇಲೆ ಕಂಬಳಿ ಹೊದಿಸಿ. ತಂಪು ಒಂದಷ್ಟು ಹೊತ್ತು ಉಳಿಯುತ್ತದೆ. ನೆಲಕ್ಕೆ ಹಳೆಯ ಬಟ್ಟೆ, ಗೋಣಿಚೀಲ ಹಾಸಿ. ಬಾಗಿಲು ತೆರೆದಿಡಿ. ಬೇಗ ಆಗಬೇಕಾದರೆ ಐಸಿನ ಅರೆಯಲ್ಲಿ ಮಡಿಸಿದ ಬಟ್ಟೆ ಹಾಕಿ, ಅದರ ಮೇಲೆ ಬಿಸಿನೀರಿನ ಬೋಗುಣಿ ಇಡಿ. ಸಡಿಲವಾದ ಐಸನ್ನು ಕೈಯಿಂದಲೇ ತೆಗೆಯಿರಿ. ಕೊನೆಗೆ ಎಲ್ಲ ಕಡೆ ಒಣಬಟ್ಟೆಯಿಂದ ಒರೆಸಿ. ಒದ್ದೆ ಬಿಟ್ಟರೆ ಅದೇ ಮತ್ತೆ ಐಸಾಗುತ್ತದೆ.

ಅಂಗಡಿ ಇಟ್ಟವರಿಗೆ ಒಂದು ಮಾತು. ಕರಗಿದ ಐಸ್‌ಕ್ರೀಮನ್ನು ಮತ್ತೆ ಗಟ್ಟಿ ಮಾಡಿ ಮಾರಬೇಡಿ. ತಿಂದ ಮಗುವಿಗೆ ಹೊಟ್ಟೆ ಕೆಡಬಹುದು. ಸರಕು ಕಡಿಮೆ ಇರುವ ದಿನ ನೋಡಿ ಕರಗಿಸುವ ಕೆಲಸ ಇಟ್ಟುಕೊಳ್ಳಿ.

ಮತ್ತೆ ಮತ್ತೆ ಯಾಕೆ ಕಟ್ಟುತ್ತದೆ?

ಕರಗಿಸಿದ ವಾರಕ್ಕೇ ಮತ್ತೆ ಗುಡ್ಡ ಕಟ್ಟಿದರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ ಎಂದು ಅರ್ಥ. ಒಂದೊಂದಾಗಿ ನೋಡೋಣ.

ಬಾಗಿಲ ಸುತ್ತಲ ರಬ್ಬರು ನೋಡಿ. ಒಂದು ಕಾಗದದ ಚೂರನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ. ಮೆಲ್ಲಗೆ ಎಳೆಯಿರಿ. ಬಿಗಿಯಾಗಿ ಹಿಡಿದರೆ ರಬ್ಬರು ಸರಿಯಿದೆ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಸಂದು ಇದೆ. ನಾಲ್ಕೂ ಕಡೆ ಹೀಗೆ ಮಾಡಿ. ಹಲವು ಸಲ ರಬ್ಬರಿಗೆ ಹಿಟ್ಟು, ಜಿಡ್ಡು ಮೆತ್ತಿರುತ್ತದೆ. ಬೆಚ್ಚಗಿನ ಸೋಪು ನೀರಲ್ಲಿ ಒರೆಸಿದರೆ ಸಾಕು. ಹರಿದಿದ್ದರೆ ಹೊಸದು ಹಾಕಿಸಿ.

ನೆಲ ನೋಡಿ. ಫ್ರಿಜ್ಜು ಮುಂದಕ್ಕೆ ವಾಲಿದ್ದರೆ ಬಾಗಿಲು ಸರಿಯಾಗಿ ಕೂರುವುದಿಲ್ಲ. ಮುಂದಿನ ಕಾಲುಗಳನ್ನು ತುಸು ಎತ್ತರಿಸಿ.

ನಮ್ಮ ರೂಢಿ ನೋಡಿಕೊಳ್ಳೋಣ. ಬಿಸಿ ಸಾರು, ಬಿಸಿ ಹಾಲು ಹಾಗೇ ಇಟ್ಟರೆ ಆವಿ ಎಲ್ಲ ಐಸಾಗುತ್ತದೆ. ಆರಿಸಿ, ಮುಚ್ಚಳ ಮುಚ್ಚಿ ಇಡಬೇಕು. ತೊಳೆದ ಸೊಪ್ಪನ್ನು ನೀರು ಸೋರಿಸಿ ಇಡಬೇಕು. ಬೇಸಿಗೆಯಲ್ಲಿ ಮಕ್ಕಳು ಗಳಿಗೆಗೊಮ್ಮೆ ಬಾಗಿಲು ತೆಗೆಯುತ್ತಾರೆ. ಕುಡಿಯುವ ನೀರಿಗೆ ಮಣ್ಣಿನ ಮಡಕೆ ಇಡಿ. ಫ್ರಿಜ್ಜಿಗೂ ಬಿಡುವು, ಗಂಟಲಿಗೂ ಹಿತ.

ತಿರುಗುಗುಂಡಿಯ ಅಂಕಿ ಓದಿ. 1ರಿಂದ 7ರವರೆಗೆ ಇದ್ದರೆ 7 ಅತಿ ತಂಪು. ಬಿಸಿ ಹೆಚ್ಚು ಮಾಡುವ ಅಂಕಿ ಅಲ್ಲ ಅದು. ಬೇಸಿಗೆಯಲ್ಲಿ ನಡುವಿನ ಅಂಕಿ, ಚಳಿಗಾಲದಲ್ಲಿ ಅದಕ್ಕಿಂತ ಕಡಿಮೆ ಅಂಕಿ ಸಾಕು.

ತಾನೇ ಕರಗಿಸುವ ಫ್ರಿಜ್ಜಿನಲ್ಲೂ ಐಸು ಬಂದರೆ?

ಫ್ರಾಸ್ಟ್ ಫ್ರೀ ಫ್ರಿಜ್ಜಿನ ಹಿಂಗೋಡೆಯ ಒಳಗೆ ತಂಪಿನ ಕೊಳವೆ ಅಡಗಿದೆ. ಅದರ ಬಳಿ ಒಂದು ಸಣ್ಣ ಹೀಟರ್ ಇದೆ. ಆಗಾಗ ಅದು ಬಿಸಿಯಾಗಿ ಐಸನ್ನು ಕರಗಿಸುತ್ತದೆ. ನೀರು ಒಂದು ರಂಧ್ರದಿಂದ ಹಿಂದಿನ ತಟ್ಟೆಗೆ ಇಳಿದು ಆರಿಹೋಗುತ್ತದೆ. ಹೀಟರ್ ಕೆಟ್ಟರೆ, ಹೊತ್ತು ತಿಳಿಸುವ ಭಾಗ ಕೆಟ್ಟರೆ, ರಂಧ್ರ ಕಟ್ಟಿಕೊಂಡರೆ ಐಸು ಬೆಳೆಯುತ್ತದೆ. ಮೇಲಿನ ಹಿಂಗೋಡೆಯಲ್ಲಿ ಐಸು ಕಾಣುತ್ತದೆ. ಕೆಳಗಿನ ಅರೆ ತಣ್ಣಗಾಗುವುದಿಲ್ಲ. ಫ್ಯಾನು ಐಸಿಗೆ ತಾಗಿ ಕರಕರ ಅನ್ನುತ್ತದೆ.

ಇದಕ್ಕೆ ಒಂದು ಪರೀಕ್ಷೆ ಇದೆ. ಎಲ್ಲ ಖಾಲಿ ಮಾಡಿ, ಪ್ಲಗ್ ಕಿತ್ತು, ಬಾಗಿಲು ತೆರೆದು ಒಂದು ಹಗಲು ಒಂದು ರಾತ್ರಿ ಬಿಡಿ. ಆಮೇಲೆ ಹಾಕಿ. ಕೆಲವು ದಿನ ಚೆನ್ನಾಗಿ ಓಡಿ ಮತ್ತೆ ಐಸು ಕಟ್ಟಿದರೆ, ಬಾಗಿಲ ರಬ್ಬರೂ ಸರಿಯಿದ್ದರೆ, ಕರಗಿಸುವ ಭಾಗ ಕೆಟ್ಟಿರಬಹುದು. ಕರಗಿದ ಮೇಲೂ ತಂಪೇ ಆಗದಿದ್ದರೆ ರೋಗ ಬೇರೆ. ಹಿಂಗೋಡೆಯ ಮುಚ್ಚಳವನ್ನು ನೀವು ಬಿಚ್ಚಬೇಡಿ. ಒಳಗೆ ಕರೆಂಟಿನ ಹೀಟರ್ ಇದೆ. ಅದು ತಿಳಿದವರ ಕೆಲಸ.

ರಿಪೇರಿಯವರು ಬಂದಾಗ

ಗ್ಯಾಸಿನ ವಿಷಯ ತಿಳಿದಿರಲಿ. ಅದು ಸೀಮೆಎಣ್ಣೆಯ ಹಾಗೆ ಉರಿದು ಮುಗಿಯುವುದಲ್ಲ. ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಸೋರಿದರೆ ಮಾತ್ರ ಕಡಿಮೆಯಾಗುತ್ತದೆ. ಗ್ಯಾಸ್ ಪೂರ್ತಿ ಹೋಗಿದ್ದರೆ ಐಸು ಕಟ್ಟುವುದೇ ಇಲ್ಲ. ಅರೆಯ ತುಂಬ ಐಸಿನ ಗುಡ್ಡ ಇರುವಾಗ "ಗ್ಯಾಸ್ ಖಾಲಿ" ಅಂದರೆ "ಹೇಗೆ?" ಅಂತ ಕೇಳಿ. ಒಂದು ಮೂಲೆಯಲ್ಲಿ ಮಾತ್ರ ಐಸು ಇದ್ದು ಉಳಿದ ಕಡೆ ಇಲ್ಲದಿದ್ದರೆ ಗ್ಯಾಸ್ ಕಡಿಮೆ ಇರಬಹುದು. ಆಗ "ಮೊದಲು ಸೋರುವ ಜಾಗ ತೋರ್ಸಿ, ಮುಚ್ಚಿ, ಆಮೇಲೆ ತುಂಬ್ಸಿ" ಅನ್ನಿ.

ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಬಿಲ್ಲಿನಲ್ಲಿ ಭಾಗದ ಹೆಸರು, ದರ, ತಾರೀಖು ಇದೆಯೇ ಓದಿ. ಗ್ಯಾರಂಟಿ ಕಾರ್ಡಿನ ತಾರೀಖು ಮುಗಿದಿಲ್ಲ ಎಂದರೆ ಕಂಪನಿಗೇ ಹೇಳಿ. ಒಳ್ಳೆಯ ಕೆಲಸಗಾರರು ಇಂಥ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ.

ಔಷಧಿ ಇಟ್ಟವರು ಕೇಳಿ

ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಇಡುತ್ತಾರೆ. ತೆರೆಯದ ಇನ್ಸುಲಿನ್ನಿಗೆ 2ರಿಂದ 8 ಡಿಗ್ರಿ ತಂಪು ಬೇಕು. ಅದನ್ನು ಐಸಿನ ಅರೆಯಲ್ಲಿ ಇಡಬಾರದು. ಐಸಿಗೆ ತಾಗುವಂತೆಯೂ ಇಡಬಾರದು. ಒಮ್ಮೆ ಹೆಪ್ಪುಗಟ್ಟಿದರೆ ಅದರ ಗುಣ ಕೆಡುತ್ತದೆ. ಕರಗಿದ ಮೇಲೂ ಚುಚ್ಚಿಕೊಳ್ಳಬಾರದು. ಫ್ರಿಜ್ಜಿನಲ್ಲಿ ಐಸು ಅಡ್ಡಾದಿಡ್ಡಿ ಬೆಳೆದರೆ ಹಾಲಿಗಿಂತ ದೊಡ್ಡ ನಷ್ಟ ಇದು.

ನಮ್ಮ ಮಕ್ಕಳ ಲಸಿಕೆಗೂ ಇದೇ ನಿಯಮ. ಭಾರತದಲ್ಲಿ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮ 1985ರಲ್ಲಿ ಶುರುವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಇಡಲು ಬೇರೆ ಪೆಟ್ಟಿಗೆ, ಐಸು ಮಾಡಲು ಬೇರೆ ಪೆಟ್ಟಿಗೆ ಇರುತ್ತದೆ. ಲಸಿಕೆಯ ಪೆಟ್ಟಿಗೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ದಿನಕ್ಕೆ ಎರಡು ಸಲ ಡಿಗ್ರಿ ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. ಐಸಿನ ಪ್ಯಾಕನ್ನು ತೆಗೆದ ಕೂಡಲೇ ಲಸಿಕೆಯ ಡಬ್ಬಿಗೆ ಹಾಕುವುದಿಲ್ಲ. ಹೊರಗಿಟ್ಟು, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳಿದ ಮೇಲೆ ಹಾಕುತ್ತಾರೆ. ಕೆಲವು ಲಸಿಕೆ ಹೆಪ್ಪುಗಟ್ಟಿದರೆ ಕೆಟ್ಟುಹೋಗುತ್ತದೆ. ಅತಿ ತಂಪೂ ಕೇಡೇ ಎಂದು ಅವರಿಗೆ ಗೊತ್ತು. ನಾವೂ ತಿಳಿಯೋಣ.

ಮನೆಗೆ ಹೋಗಿ ಮಾಡುವ ಕೆಲಸ

ಇವತ್ತು ಮನೆಗೆ ಹೋಗಿ ಫ್ರಿಜ್ಜಿನ ಚೀಟಿ ಓದಿ. ಕಾಗದ ಸಿಕ್ಕಿಸಿ ರಬ್ಬರು ಪರೀಕ್ಷೆ ಮಾಡಿ. ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆಯಿರಿ. ಯಾವ ಬಗೆಯ ಫ್ರಿಜ್ಜು, ಕೊಂಡ ತಾರೀಖು, ಐಸು ಕರಗಿಸಿದ ತಾರೀಖು, ರಿಪೇರಿ ಮಾಡಿಸಿದ್ದು ಏನು. ಹಾಳೆಯನ್ನು ಫ್ರಿಜ್ಜಿನ ಪಕ್ಕದ ಗೋಡೆಗೆ ಅಂಟಿಸಿ. ನೀವೇ ಬರೆಯಿರಿ. ಅಕ್ಷರ ಸೊಟ್ಟಗಿದ್ದರೂ ಚಿಂತೆಯಿಲ್ಲ.

ಮುಂದಿನ ವಾರ ಹಾಳೆ ತನ್ನಿ. ಎಲ್ಲರ ಹಾಳೆಯನ್ನೂ ಒಟ್ಟಿಗೆ ಕೂತು ಓದೋಣ.