ಇಬ್ನ್ ಬತೂತನ ಜೊತೆ ದೆಹಲಿಯಲ್ಲಿ ಒಂದು ಭಾನುವಾರ



ಊರಿನಿಂದ ನೆಂಟರು ಬಂದಾಗ ಮಾತ್ರ ನಾವು ದೆಹಲಿ ನೋಡಲು ಹೊರಡುತ್ತೇವೆ, ಅಲ್ಲವೇ? ಕೆಂಪುಕೋಟೆ, ಇಂಡಿಯಾ ಗೇಟ್, ಆಮೇಲೆ ಕರೋಲ್ ಬಾಗ್‌ನಲ್ಲಿ ಶಾಪಿಂಗ್. ಈ ಸಲ ನೆಂಟರಿಗಾಗಿ ಕಾಯಬೇಡಿ. ನಿಮಗೊಬ್ಬ ಗೈಡನ್ನು ನಾನು ಪರಿಚಯಿಸುತ್ತೇನೆ.

ಹೆಸರು ಇಬ್ನ್ ಬತೂತ. ಊರು ಮೊರಾಕ್ಕೋದ ಟಾಂಜಿಯರ್. 1325ರಲ್ಲಿ, ಇಪ್ಪತ್ತೊಂದನೇ ವಯಸ್ಸಿನಲ್ಲಿ ಹಜ್ ಯಾತ್ರೆಗೆಂದು ಮನೆ ಬಿಟ್ಟವನು ಊರೂರು ಸುತ್ತುತ್ತಾ 1334ರ ಸುಮಾರಿಗೆ ದೆಹಲಿ ತಲುಪಿದ. ಯಾಕೆ ಬಂದ? ನಮ್ಮಲ್ಲಿ ಬಹಳ ಮಂದಿ ಬಂದ ಕಾರಣಕ್ಕೇ. ಕೆಲಸಕ್ಕೆ! ಸುಲ್ತಾನ ಮಹಮ್ಮದ್ ಬಿನ್ ತುಘಲಕ್ ಪರದೇಶದ ವಿದ್ವಾಂಸರಿಗೆ ಕೈತುಂಬ ಕೊಡುತ್ತಾನೆಂಬ ಸುದ್ದಿ ಹಬ್ಬಿತ್ತು. ಇವನಿಗೆ ಕಾಜಿಯ ಹುದ್ದೆ ಸಿಕ್ಕಿತು, ವರ್ಷಕ್ಕೆ 12,000 ದಿನಾರ್ ಸಂಬಳ. ಆದರೂ 55,000 ದಿನಾರ್ ಸಾಲ ಮಾಡಿಕೊಂಡ. ದೆಹಲಿಯ ಖರ್ಚು ಆಗಲೂ ಹಾಗೇ ಇತ್ತು ನೋಡಿ.

ಬೆಳಿಗ್ಗೆ ಮೆಟ್ರೋದ ಹಳದಿ ಲೈನ್ ಹಿಡಿದು ಕುತುಬ್ ಮಿನಾರ್ ನಿಲ್ದಾಣದಲ್ಲಿ ಇಳಿಯಿರಿ, ಅಲ್ಲಿಂದ ಆಟೋ. ಮಸೀದಿಯ ಅಂಗಳದಲ್ಲಿ ಕಬ್ಬಿಣದ ಕಂಬ ಇದೆಯಲ್ಲ, ಅದರ ಮುಂದೆ ಈತನೂ ಬೆರಗಾಗಿ ನಿಂತಿದ್ದ. ಏಳು ಲೋಹ ಬೆರೆಸಿ ಮಾಡಿದ್ದು ಎಂದು ಯಾರೋ ಹೇಳಿದ್ದನ್ನು ಬರೆದುಕೊಂಡ. ಅದು ಬರೀ ಕಬ್ಬಿಣ, ಅದರಲ್ಲಿರುವ ರಂಜಕದ ಅಂಶವೇ ಮೇಲೊಂದು ಪದರ ಕಟ್ಟಿ ತುಕ್ಕು ತಡೆದಿದೆ ಎಂದು ನಮ್ಮ ಕಾಲದ ವಿಜ್ಞಾನಿಗಳು ವಿವರಿಸಿದ್ದಾರೆ. ಪಕ್ಕದಲ್ಲೇ ಅಲಾಉದ್ದೀನ್ ಖಿಲ್ಜಿ ಅರ್ಧಕ್ಕೆ ಬಿಟ್ಟ ಅಲೈ ಮಿನಾರ್. ನಮ್ಮ ಗೈಡ್ ಅಂಥದ್ದೊಂದು ಅಪೂರ್ಣ ಮಿನಾರ್ ಹತ್ತಿ ಕೆಳಗೆ ನೋಡಿದ. ಜನ ಚಿಕ್ಕ ಮಕ್ಕಳಂತೆ ಕಂಡರಂತೆ.

ಊರಿನ ಕೋಟೆಗೋಡೆಯ ಒಳಗೇ ಆಗ ಧಾನ್ಯದ ಕಣಜಗಳಿದ್ದವು. ಬಹಳ ಹಿಂದೆ ತುಂಬಿಟ್ಟ ಅಕ್ಕಿಯನ್ನು ಅಲ್ಲಿಂದ ತೆಗೆಯುವುದನ್ನು ಈತ ಕಂಡ. ಬಣ್ಣ ಕಪ್ಪಾಗಿತ್ತು, ರುಚಿ ಕೆಟ್ಟಿರಲಿಲ್ಲ ಎನ್ನುತ್ತಾನೆ. ಈ ಅಕ್ಕಿಯ ಮಾತು ನೆನಪಿರಲಿ.

ಮಧ್ಯಾಹ್ನ ಹೌಜ್ ಖಾಸ್ ನಿಲ್ದಾಣಕ್ಕೆ ಬನ್ನಿ. ಹತ್ತಿರದ ಬೇಗಂಪುರದ ಕಡೆ ಬಿಜಯ್ ಮಂಡಲ್ ಎಂಬ ಪಾಳುಕಟ್ಟಡವಿದೆ. ತುಘಲಕನ ಸಾವಿರ ಕಂಬಗಳ ಅರಮನೆ ಇದ್ದದ್ದು ಇಲ್ಲೇ ಎನ್ನುತ್ತಾರೆ ಇತಿಹಾಸಕಾರರು. ಬಣ್ಣ ಬಳಿದ ಮರದ ಕಂಬಗಳಂತೆ ಅವು. ಗಿರೀಶ ಕಾರ್ನಾಡರ 'ತುಘಲಕ್' ನಾಟಕ ಓದಿದವರಿಗೆ ಇಲ್ಲಿ ನಿಂತಾಗ ಮೈ ಜುಮ್ಮೆನ್ನುತ್ತದೆ. ಇದೇ ದೊರೆ ಒಬ್ಬ ಶೇಖ್‌ರ ಮೇಲೆ ಮುನಿದಾಗ, ಅವರನ್ನು ಹಿಂದೆ ಭೇಟಿ ಮಾಡಿದ್ದ ತಪ್ಪಿಗೆ ಇಬ್ನ್ ಬತೂತನಿಗೂ ಕಾವಲು ಬಿತ್ತು. ಐದು ದಿನ ಬರೀ ನೀರು ಕುಡಿದು ಉಪವಾಸವಿದ್ದು ದೇವರ ನಾಮ ಜಪಿಸಿದ. ಶೇಖ್‌ರ ತಲೆ ಹೋಯಿತು, ಇವನ ತಲೆ ಉಳಿಯಿತು. ಆಮೇಲೆ ಇದ್ದದ್ದನ್ನೆಲ್ಲ ದಾನ ಮಾಡಿ ಫಕೀರನಾದ.

ಸಂಜೆ ಹೌಜ್ ಖಾಸ್ ಕೆರೆಯ ದಂಡೆಯಲ್ಲಿ ಕುಳಿತುಕೊಳ್ಳಿ. ಇಂದು ಅಲ್ಲಿ ಕೆಫೆಗಳ ಸಾಲು. ಅಂದು ಸುತ್ತ ಹಾಡುಗಾರರು, ವಾದ್ಯಗಾರರು ವಾಸವಿದ್ದರು, ಅವರದ್ದೇ ಬಜಾರು, ಅವರದ್ದೇ ಮಸೀದಿ ಇತ್ತು ಎಂದು ಆತ ಬರೆದಿದ್ದಾನೆ. ಫಿರೋಜ್ ಷಾನ ಗೋರಿ, ಮದರಸಾ ಮಾತ್ರ ಅವನು ಕಂಡಿರಲಿಲ್ಲ. ಅವು ಆಮೇಲೆ ಎದ್ದವು.

ಈಗ ನಮ್ಮ ಊರಿನ ಸುದ್ದಿಗೆ ಬರೋಣ. 1340ರ ದಶಕದ ಆರಂಭದಲ್ಲಿ ಸುಲ್ತಾನ ಈತನನ್ನು ಮತ್ತೆ ಕರೆಸಿ, ಚೀನಾದ ದೊರೆಗೆ ಉಡುಗೊರೆ ಒಯ್ಯುವ ರಾಯಭಾರಿಯಾಗಿ ಕಳಿಸಿದ. ದಾರಿಯಲ್ಲಿ ಸಿಕ್ಕಿದ್ದು ಹೊನ್ನಾವರ, ಬಾರ್ಕೂರು, ಮಂಗಳೂರು! ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಉಡುಗೊರೆಯ ಹಡಗು ಒಡೆದುಹೋಯಿತು. ಬರಿಗೈಲಿ ದೆಹಲಿಗೆ ಮರಳಲು ಹೆದರಿ ಹೊನ್ನಾವರಕ್ಕೇ ಹಿಂತಿರುಗಿದ. ಚೀನಾ ಮುಟ್ಟಿದ್ದು ಎಷ್ಟೋ ಕಾಲದ ಮೇಲೆ.

ಹೊನ್ನಾವರದಲ್ಲಿ ಅವನು ಕಂಡದ್ದೇನು? ಹೊಲಿಗೆಯಿಲ್ಲದ ಒಂದೇ ಬಟ್ಟೆಯನ್ನು ಸೊಂಟಕ್ಕೆ ಸುತ್ತಿ, ಉಳಿದದ್ದನ್ನು ತಲೆ, ಎದೆಯ ಮೇಲೆ ಹೊದ್ದ ಹೆಂಗಸರು. ನಮ್ಮ ಸೀರೆಯೇ ಅಲ್ಲವೇ? ಊಟಕ್ಕೆ ಅನ್ನ, ತುಪ್ಪ, ಮೆಣಸು, ಶುಂಠಿ, ಮಾವಿನ ಉಪ್ಪಿನಕಾಯಿ, ಕೊನೆಗೆ ಮೊಸರು. ಹನ್ನೊಂದು ತಿಂಗಳು ರೊಟ್ಟಿಯ ಮುಖ ನೋಡಲಿಲ್ಲ. ಮುಂದೆ ಬೇರೆ ನಾಡುಗಳಲ್ಲೂ ಅನ್ನವೇ ಆಗಿ, ಕೊನೆಕೊನೆಗೆ ನೀರು ಕುಡಿದು ನುಂಗಬೇಕಾಯಿತಂತೆ! ಇಲ್ಲಿಗೆ ಬಂದ ಹೊಸದರಲ್ಲಿ ದಿನವೂ ರೊಟ್ಟಿ ತಿಂದು ಬೇಸತ್ತ ನಮಗೆ ಅವನ ಪಾಡು ಚೆನ್ನಾಗಿಯೇ ಅರ್ಥವಾಗುತ್ತದೆ.

ಇನ್ನೊಂದು ಮಾತು. ಆ ಪುಟ್ಟ ಬಂದರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಅವನು ಎಣಿಸಿದ. ಬೇರೆಲ್ಲೂ ಇಂಥದ್ದನ್ನು ಕಾಣಲಿಲ್ಲ ಎಂದ. ಏಳು ಶತಮಾನದ ಹಿಂದಿನ ಈ ಲೆಕ್ಕ ನಮಗೆ ಸಿಕ್ಕಿದ್ದು, ಪರಸ್ಥಳದವನೊಬ್ಬ ನಿಂತು ನೋಡಿ, ಕೇಳಿ ತಿಳಿದು, 1355ರ ಹೊತ್ತಿಗೆ ತನ್ನ ನಾಡಿನಲ್ಲಿ ಕುಳಿತು ಬರೆಸಿದ್ದರಿಂದ. ಅರಮನೆಯ ಸಾವಿರ ಕಂಬಗಳು ಉಳಿಯಲಿಲ್ಲ, ಆ 13 ಶಾಲೆಗಳ ಲೆಕ್ಕ ಉಳಿಯಿತು.

ನಾವೂ ಈ ಊರಿಗೆ ಪರಸ್ಥಳದವರೇ. ಎಷ್ಟು ವರ್ಷವಾಯಿತು ಬಂದು? ಏನೇನು ನೋಡಿದ್ದೀರಿ? ಮುಂದಿನ ಭಾನುವಾರ ಒಂದು ನೀರಿನ ಬಾಟಲಿ, ಒಂದು ನೋಟ್‌ಬುಕ್ ಹಿಡಿದು ಹೊರಡಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಕಂಡದ್ದನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆದು ನಮಗೆ ಕಳಿಸಿ, ಕಾರ್ಯಕ್ರಮದಲ್ಲಿ ಓದೋಣ.